ಗಿರಾಕಿ ಇದ್ದೂ ಮುಚ್ಚುವ ಅಂಗಡಿಗಳು

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಲ್ಲಿ ಆರಂಭವಾದ ನ್ಯೂ ಕೃಷ್ಣ ಭವನ 2022ರ ಡಿಸೆಂಬರ್ ಮೊದಲ ವಾರದಲ್ಲಿ ಬಾಗಿಲು ಮುಚ್ಚಿತು. ಹಸಿರು ಮಸಾಲೆ ಇಡ್ಲಿ, ಬಟನ್ ಇಡ್ಲಿಗಳಿಗೆ ಹೆಸರಾಗಿದ್ದ ಹೋಟೆಲು ಅದು. ಮುಚ್ಚುವ ಸುದ್ದಿ ಹರಡಿದ ಮೇಲೆ ಕೊನೆಯ ಸಲ ತಿಂದು ಹೋಗಲು ಬಂದವರಿಗೆ ಕೂರಲು ಜಾಗ ಸಿಗಲಿಲ್ಲ. ಮೂರು ತಲೆಮಾರಿನವರು ಒಂದೇ ಮೇಜಿಗೆ ಕೂತು ತಿಂದು ಎದ್ದರು. ಜಾಗ ಮಾರಾಟವಾಗಿದೆ, ಅಲ್ಲಿಗೆ ಚಿನ್ನಾಭರಣದ ಮಳಿಗೆ ಬರುತ್ತದೆ ಎಂದು ಆಗಿನ ಪತ್ರಿಕೆಗಳು ಬರೆದವು. ಅರವತ್ತೆಂಟು ವರ್ಷ ನಡೆದ ವ್ಯಾಪಾರ ಕೊನೆಯ ದಿನದವರೆಗೂ ಜನರಿಂದ ತುಂಬಿತ್ತು.

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಳೆದ ಎರಡು ದಶಕಗಳಲ್ಲಿ ಕಣ್ಮರೆಯಾದ ಅಂಗಡಿಗಳನ್ನು ನೆನಪಿಸಿಕೊಂಡರೆ ಅವುಗಳಲ್ಲಿ ಎರಡು ಬಗೆ ಕಾಣುತ್ತದೆ. ಮೊದಲನೆಯ ಬಗೆಯವು ಕೆಲಸವೇ ಇಲ್ಲದಂತಾಗಿ ಹೋದವು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು, ಟೈಪಿಂಗ್ ಇನ್‌ಸ್ಟಿಟ್ಯೂಟು, ಕ್ಯಾಸೆಟ್ ಅಂಗಡಿ, ಎಸ್‌ಟಿಡಿ ಬೂತು ಈ ಸಾಲಿನವು. ಕಾಲ ಬದಲಾದಾಗ ಇಂಥವು ಹೋಗುವುದು ಸಹಜ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಎರಡನೆಯ ಬಗೆಯವು ಗಿರಾಕಿ, ಹೆಸರು, ಕಸುಬು ಎಲ್ಲವೂ ಇದ್ದೂ ನೆಲ ಕಳೆದುಕೊಂಡು ಹೋದವು. ನಗರದ ಬೆಳವಣಿಗೆಯ ಬಗ್ಗೆ ಮಾತಾಡುವಾಗ ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ, ಹಳೆಯದು ಹೋಗಿ ಹೊಸದು ಬರುವುದು ಲೋಕರೂಢಿ ಎಂದುಬಿಡುತ್ತಾರೆ. ಎರಡನೆಯ ಬಗೆಯ ಅಂಗಡಿ ಮುಚ್ಚುವುದು ಲೋಕರೂಢಿಯಿಂದಲ್ಲ. ಅದರ ಹಿಂದೆ ಬಾಡಿಗೆಯ ಲೆಕ್ಕ, ಕಾನೂನಿನ ತಿದ್ದುಪಡಿ, ರಸ್ತೆಯ ಯೋಜನೆ, ಆಸ್ತಿ ಪಾಲು ಇವೆಲ್ಲ ಇರುತ್ತವೆ. ಅವನ್ನು ಬಿಡಿಸಿ ನೋಡಬಹುದು, ಕೆಲವನ್ನಾದರೂ ಸರಿಪಡಿಸಬಹುದು.

ಮಲ್ಲೇಶ್ವರ ಮತ್ತು ಬಸವನಗುಡಿ ಎರಡೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ರೂಪುಗೊಂಡ ಬಡಾವಣೆಗಳು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಸಾವು ಹೆಚ್ಚಾಗಿ, ಗಾಳಿ ಬೆಳಕು ಆಡುವ ಹೊಸ ಬಡಾವಣೆಗಳ ಕೆಲಸ ಚುರುಕಾಯಿತು. ನೇರವಾದ ಮುಖ್ಯರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ಮನೆಗಳ ಹಿಂದೆ ಜಾಡಮಾಲಿಗಳ ಓಡಾಟಕ್ಕೆಂದು ಬಿಟ್ಟ ಸಣ್ಣ ಗಲ್ಲಿಗಳು: ಮಲ್ಲೇಶ್ವರದ ನಕ್ಷೆಯಲ್ಲಿ ಇವು ಈಗಲೂ ಎದ್ದು ಕಾಣುತ್ತವೆ. ಮೊದಲು ಬಂದದ್ದು ಮನೆಗಳು. ಆ ಮನೆಗಳ ಅಗತ್ಯ ನೋಡಿಕೊಂಡು ಅಂಗಡಿಗಳು ಹಿಂದೆಯೇ ಬಂದವು. ದೊಡ್ಡ ಸೈಟಿನ ಮುಂಭಾಗದಲ್ಲಿ ಎರಡು ಮೂರು ಮಳಿಗೆ ಕಟ್ಟಿಸಿ ಬಾಡಿಗೆಗೆ ಕೊಟ್ಟು, ಹಿಂದೆ ಮಾಲೀಕರು ವಾಸವಿರುವ ಪದ್ಧತಿ ಬೆಳೆಯಿತು. ಮಾಲೀಕರ ಮನೆಯ ಮದುವೆಗೆ ಬಾಡಿಗೆದಾರ ಅಂಗಡಿಯವರು ದಿನಸಿ ಕಳಿಸುವುದು, ಅಂಗಡಿಯವರ ಮಗನ ಶಾಲೆ ಫೀಸಿಗೆ ಮಾಲೀಕರು ಬಾಡಿಗೆ ತಡವಾದರೂ ಸುಮ್ಮನಿರುವುದು ಇವೆಲ್ಲ ಆ ಪದ್ಧತಿಯ ಭಾಗವಾಗಿದ್ದವು. ಕಾಗದದ ಕರಾರಿಗಿಂತ ಮುಖಪರಿಚಯದ ಮೇಲೆ ನಿಂತ ವ್ಯವಹಾರ ಅದು. ಮಾಲೀಕರ ಮುಂದಿನ ತಲೆಮಾರು ಊರು ಬಿಟ್ಟು ಹೋದಾಗ ಮೊದಲು ಕಡಿದುಹೋದದ್ದು ಈ ಎಳೆಯೇ.

ಹೋಟೆಲುಗಳ ಕಥೆ ಇದರ ಪಕ್ಕದಲ್ಲೇ ಬೆಳೆಯಿತು. ಉಡುಪಿ, ಕುಂದಾಪುರದ ಕಡೆಯಿಂದ ಬಂದ ಕುಟುಂಬಗಳು ಬೆಂಗಳೂರಿನ ಬಡಾವಣೆಗೊಂದರಂತೆ ತಿಂಡಿ ಮನೆ ತೆರೆದವು. ಮಾವಳ್ಳಿಯ ಎಂಟಿಆರ್ 1924ರದ್ದು. ಮಲ್ಲೇಶ್ವರದ ಮಾರ್ಗೋಸಾ ರಸ್ತೆಯ ಸೆಂಟ್ರಲ್ ಟಿಫನ್ ರೂಮ್ ಸಹ ಅದೇ ದಶಕದ್ದು. ಬೋರ್ಡಿನಲ್ಲಿ ಶ್ರೀ ಸಾಗರ್ ಎಂದು ಬದಲಾಗಿ ಎಷ್ಟೋ ವರ್ಷವಾದರೂ ಜನರ ಬಾಯಲ್ಲಿ ಅದು ಸಿಟಿಆರ್ ಆಗಿಯೇ ಉಳಿದಿದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ, ಮಲ್ಲೇಶ್ವರ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್ 1977ರಲ್ಲಿ ಆರಂಭವಾದವು. ಇವುಗಳಲ್ಲಿ ಕೆಲವಕ್ಕೆ ಒಂದು ಸಮಾನ ಗುಣವಿದೆ. ಮಾಡುವ ತಿಂಡಿ ನಾಲ್ಕೈದು ಬಗೆ ಮಾತ್ರ, ಅದನ್ನು ದಿನವೂ ಅದೇ ಹದದಲ್ಲಿ ಮಾಡುವುದು. ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಇಡ್ಲಿಗೆ ಚಟ್ನಿ ಉಂಟು, ಸಾಂಬಾರ್ ಇಲ್ಲ. ಇಷ್ಟು ಚಿಕ್ಕ ಪಟ್ಟಿಯಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ವ್ಯಾಪಾರ ಮಾಡಿದ್ದು ಸಣ್ಣ ಸಾಧನೆಯಲ್ಲ.

ಹೋಟೆಲುಗಳ ಹೆಸರು ಎಲ್ಲರಿಗೂ ಗೊತ್ತು. ಅವುಗಳಷ್ಟು ಹೆಸರಿಲ್ಲದ, ಆದರೆ ಬಡಾವಣೆಯ ದಿನಚರಿಯನ್ನು ಹೊತ್ತಿರುವ ಅಂಗಡಿಗಳು ಬೇರೆ ಇವೆ. ಕಾಫಿಪುಡಿ ಅಂಗಡಿಯನ್ನೇ ತೆಗೆದುಕೊಳ್ಳಬಹುದು. ಹತ್ತಡಿ ಅಗಲದ ಮಳಿಗೆ. ಒಂದು ಕಡೆ ಹುರಿದ ಬೀಜದ ಡಬ್ಬಗಳು, ಪೀಬೆರಿ ಬೇರೆ, ಪ್ಲಾಂಟೇಷನ್ ಬೇರೆ, ರೊಬಸ್ಟಾ ಬೇರೆ. ಇನ್ನೊಂದು ಕಡೆ ಬೀಸುವ ಯಂತ್ರ. ಬಂದವರು ಕಾಲು ಕೇಜಿ ಎಂದರೆ ಅಂಗಡಿಯವರು ಮೊದಲು ಕೇಳುವುದು ಚಿಕೋರಿಯ ಪ್ರಮಾಣವನ್ನು: ಎಂಬತ್ತು–ಇಪ್ಪತ್ತೋ, ಎಪ್ಪತ್ತು–ಮೂವತ್ತೋ, ಚಿಕೋರಿ ಬೇಡವೇ ಬೇಡವೋ. ಹಳೆಯ ಗಿರಾಕಿಯಾದರೆ ಕೇಳುವುದೇ ಇಲ್ಲ. ಮನೆಯ ಫಿಲ್ಟರಿಗೆ ತಕ್ಕಂತೆ ಪುಡಿ ನುಣುಪಾಗಬೇಕೋ ತರಿಯಾಗಬೇಕೋ ಎಂಬುದೂ ಅವರಿಗೆ ಗೊತ್ತು. ಬೀಜ ತೂಗಿ, ಯಂತ್ರಕ್ಕೆ ಸುರಿದು, ಬಿಸಿಯಾಗಿ ಬಂದ ಪುಡಿಗೆ ಚಿಕೋರಿ ಬೆರೆಸಿ, ಪೊಟ್ಟಣ ಕಟ್ಟಿ ಕೈಗಿಡುವ ಹೊತ್ತಿಗೆ ಪೊಟ್ಟಣ ಇನ್ನೂ ಬೆಚ್ಚಗಿರುತ್ತದೆ. ಒಂದು ಬೀದಿಯ ನೂರಾರು ಮನೆಗಳ ರುಚಿಯ ಲೆಕ್ಕ ಇಂಥ ಒಬ್ಬರ ತಲೆಯಲ್ಲಿರುತ್ತದೆ. ಗ್ರಂಧಿಗೆ ಅಂಗಡಿಯದ್ದೂ ಹಾಗೆಯೇ. ಬಾಣಂತಿ ಮದ್ದಿನ ಸಾಮಾನು, ಹೋಮದ ಸಮಿತ್ತು, ದರ್ಭೆ, ಗೆಜ್ಜೆವಸ್ತ್ರ, ಯಾವ ಹಬ್ಬಕ್ಕೆ ಏನು ಎಷ್ಟು ಬೇಕು ಎಂದು ಪಟ್ಟಿ ತಾರದೇ ಬಂದವರಿಗೂ ಎತ್ತಿಕೊಡುವಷ್ಟು ತಿಳಿವಳಿಕೆ ಅಲ್ಲಿ ಇರುತ್ತದೆ. ಬಸವನಗುಡಿಯಲ್ಲಿ 1940ರ ದಶಕದಿಂದ ಹಪ್ಪಳ, ಸಂಡಿಗೆ, ಕುರುಕು ತಿಂಡಿ ಮಾರುತ್ತಿರುವ ಸುಬ್ಬಮ್ಮ ಅಂಗಡಿ ಒಬ್ಬ ಹೆಣ್ಣುಮಗಳ ದುಡಿಮೆಯಿಂದ ಕಟ್ಟಿದ್ದು. ಇಂಥ ಅಂಗಡಿಯನ್ನು ಎರಡು ಮೈಲಿ ಆಚೆಗೆ ಸಾಗಿಸಿದರೆ ಸಾಮಾನು ಹೋಗುತ್ತದೆ, ಗಿರಾಕಿಯ ಪರಿಚಯ ಇಲ್ಲೇ ಉಳಿದುಬಿಡುತ್ತದೆ. ಅಂಗಡಿಯ ನಿಜವಾದ ಬಂಡವಾಳ ಆ ಪರಿಚಯ. ಅದಕ್ಕೆ ಯಾವ ಪರಿಹಾರದ ಪಟ್ಟಿಯಲ್ಲೂ ಬೆಲೆ ಕಟ್ಟುವುದಿಲ್ಲ.

ಈಗ ಬಾಡಿಗೆಯ ಲೆಕ್ಕಕ್ಕೆ ಬರಬಹುದು. ಉದಾಹರಣೆಗೆ, ಮುಖ್ಯರಸ್ತೆಯ ಒಂದು ಸಣ್ಣ ಮಳಿಗೆಗೆ ತಿಂಗಳಿಗೆ ಒಂದೂವರೆ ಲಕ್ಷ ರೂಪಾಯಿ ಬಾಡಿಗೆ ಎಂದು ಇಟ್ಟುಕೊಳ್ಳೋಣ. ಲೋಟಕ್ಕೆ 20 ರೂಪಾಯಿಯಂತೆ ಕಾಫಿ ಮಾರುವವರು ಆ ಬಾಡಿಗೆಯಷ್ಟು ಹಣ ಕಾಣಲು ತಿಂಗಳಿಗೆ 7,500 ಲೋಟ, ಅಂದರೆ ದಿನಕ್ಕೆ 250 ಲೋಟ ಕಾಫಿ ಮಾರಬೇಕು. ಹಾಲು, ಸಕ್ಕರೆ, ಪುಡಿ, ಗ್ಯಾಸು, ಕೆಲಸದವರ ಸಂಬಳ ಯಾವುದೂ ಇದರಲ್ಲಿ ಸೇರಿಲ್ಲ. ಅವನ್ನೆಲ್ಲ ಕಳೆದು ಲೋಟಕ್ಕೆ ಐದು ರೂಪಾಯಿ ಉಳಿಯುವುದಾದರೆ ಬಾಡಿಗೆಗೆಂದೇ ದಿನಕ್ಕೆ ಸಾವಿರ ಲೋಟ ಹೋಗಬೇಕು. ಅದೇ ಜಾಗದಲ್ಲಿ ಒಡವೆ ಮಾರುವವರಿಗೆ, ಬ್ರ್ಯಾಂಡೆಡ್ ಬಟ್ಟೆ ಮಾರುವವರಿಗೆ ಒಂದೂವರೆ ಲಕ್ಷ ದೊಡ್ಡ ಮೊತ್ತವಲ್ಲ. ಒಂದೇ ದಿನದ ಒಂದೇ ಬಿಲ್ಲಿನಲ್ಲಿ ಅದಕ್ಕಿಂತ ಹೆಚ್ಚು ವಹಿವಾಟು ಆಗಬಹುದು. ಮೇಲಾಗಿ ಊರೂರಿಗೆ ಶಾಖೆ ಇರುವ ಸಂಸ್ಥೆಗೆ ಸಂಪಿಗೆ ರಸ್ತೆಯ ಮಳಿಗೆ ನಷ್ಟದಲ್ಲಿ ನಡೆದರೂ ಬೋರ್ಡು ಕಂಡರೆ ಸಾಕು. ಜಾಹೀರಾತಿನ ಖರ್ಚೆಂದು ಬರೆದುಕೊಳ್ಳುತ್ತದೆ. ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ, ಬಸವನಗುಡಿಯ ಡಿವಿಜಿ ರಸ್ತೆಯಲ್ಲಿ ಒಡವೆ ಮಳಿಗೆಗಳು ಸಾಲುಗಟ್ಟಿರುವುದಕ್ಕೆ ಕಾರಣ ಈ ಗಣಿತ. ಇಡ್ಲಿಯ ಬೆಲೆ ಏರಿಸಿ ಇದನ್ನು ಸರಿದೂಗಿಸುವುದೂ ಆಗದು. ದಿನವೂ ಬರುವ ಪಿಂಚಣಿದಾರರು, ಕಾಲೇಜು ಹುಡುಗರು ಬರುವುದು ನಿಂತರೆ ಹಳೆಯ ಹೋಟೆಲಿಗೆ ಉಳಿಯುವುದು ವಾರಾಂತ್ಯದಲ್ಲಿ ಫೋಟೊ ತೆಗೆಯಲು ಬರುವವರು ಮಾತ್ರ.

ಸ್ವಂತ ಜಾಗ ಇದ್ದವರು ನೆಮ್ಮದಿಯಾಗಿದ್ದಾರೆ ಎನ್ನುವಂತೆಯೂ ಇಲ್ಲ. ಅಜ್ಜನ ಹೆಸರಿನಲ್ಲಿದ್ದ ಸೈಟು ಮೊಮ್ಮಕ್ಕಳ ಕಾಲಕ್ಕೆ ಆರೆಂಟು ಪಾಲಾಗಿರುತ್ತದೆ. ಅವರಲ್ಲಿ ಒಬ್ಬರು ಗಲ್ಲಾದಲ್ಲಿ ಕೂತಿರುತ್ತಾರೆ. ಉಳಿದವರು ಬೇರೆ ಉದ್ಯೋಗದಲ್ಲಿ, ಬೇರೆ ದೇಶದಲ್ಲಿ. ಹೋಟೆಲಿನಿಂದ ವರ್ಷಕ್ಕೆ ಬರುವ ಲಾಭದ ಪಾಲು ಚಿಕ್ಕದು, ಜಾಗ ಮಾರಿದರೆ ಬರುವ ಪಾಲು ದೊಡ್ಡದು. ಬಿಲ್ಡರುಗಳು ಮುಂದಿಡುವ ಜಂಟಿ ಅಭಿವೃದ್ಧಿ ಕರಾರು ಇಲ್ಲಿ ಕೆಲಸ ಮಾಡುತ್ತದೆ: ಮಾಲೀಕರು ಜಾಗ ಕೊಡುತ್ತಾರೆ, ಬಿಲ್ಡರು ಹಣ ಹಾಕಿ ಕಟ್ಟುತ್ತಾರೆ, ಎದ್ದ ಕಟ್ಟಡವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ. ಕಟ್ಟುವ ಎರಡು ಮೂರು ವರ್ಷ ಅಂಗಡಿ ಎಲ್ಲಿ ನಡೆಯಬೇಕು, ಒಲೆಯ ಕೆಲಸದವರು ಅಷ್ಟು ಕಾಲ ಯಾರ ಮನೆಯಲ್ಲಿ ದುಡಿಯಬೇಕು, ಮರಳಿ ಬಂದಾಗ ಹೊಗೆ ಹೋಗುವ ಚಿಮಣಿಗೆ ಗಾಜಿನ ಕಟ್ಟಡದಲ್ಲಿ ಜಾಗ ಎಲ್ಲಿ ಎಂಬ ಪ್ರಶ್ನೆಗಳಿಗೆ ಕರಾರಿನಲ್ಲಿ ಸಾಮಾನ್ಯವಾಗಿ ಉತ್ತರ ಇರುವುದಿಲ್ಲ. ನಗರದ ಮಹಾಯೋಜನೆಯೂ ಈ ದಿಕ್ಕಿಗೇ ತಳ್ಳುತ್ತದೆ. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ರಸ್ತೆ ಅಗಲವಾದಷ್ಟೂ ಅದರ ಬದಿಯಲ್ಲಿ ಹೆಚ್ಚು ಎತ್ತರ ಕಟ್ಟಬಹುದು. ಮೆಟ್ರೊ ನಿಲ್ದಾಣದ ಹತ್ತಿರವಾದರೆ ಇನ್ನೂ ಹೆಚ್ಚು. ಎರಡಂತಸ್ತಿನ ಹಳೆಯ ಕಟ್ಟಡ ಹಾಗೆಯೇ ನಿಂತಿದ್ದರೆ ಅದರ ಮೇಲಿನ ಆಕಾಶದಲ್ಲಿ ಕಟ್ಟಬಹುದಾಗಿದ್ದ ಅಂತಸ್ತುಗಳನ್ನು ಮಾಲೀಕರು ಪ್ರತಿವರ್ಷ ಬಿಟ್ಟುಕೊಟ್ಟಂತೆ ಲೆಕ್ಕವಾಗುತ್ತದೆ. ಈ ಒತ್ತಡ ತಡೆದುಕೊಂಡು ನಿಂತ ಮನೆತನಗಳನ್ನು ಮೆಚ್ಚಬೇಕು. ತಡೆಯಲಾಗದೆ ಮಾರಿದವರನ್ನು ದೂಷಿಸುವುದು ಅನ್ಯಾಯ.

ಬಾಡಿಗೆದಾರರ ಪಾಲಿಗೆ ದೊಡ್ಡ ತಿರುವು ಬಂದದ್ದು ಕಾನೂನಿನಿಂದ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆ ಅಂಗಡಿಗಳಿಗೂ ರಕ್ಷಣೆ ಕೊಟ್ಟಿತ್ತು. ಬಾಡಿಗೆ ಕಟ್ಟದಿರುವುದು, ಒಳಬಾಡಿಗೆಗೆ ಕೊಡುವುದು, ಮಾಲೀಕರಿಗೆ ನಿಜವಾಗಿ ಜಾಗ ಬೇಕಾಗಿರುವುದು ಇಂಥ ಕಾರಣ ತೋರಿಸದೆ ಬಾಡಿಗೆದಾರರನ್ನು ಎಬ್ಬಿಸುವಂತಿರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 1999ರ ಬಾಡಿಗೆ ಕಾಯ್ದೆ ಬಂತು. ಅದು ಜಾರಿಯಾದದ್ದು 2001ರ ಡಿಸೆಂಬರ್ 31ರಿಂದ. ಹೊಸ ಕಾಯ್ದೆ ವಾಣಿಜ್ಯ ಬಳಕೆಯ ಜಾಗಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. 14 ಚದರ ಮೀಟರಿಗೆ ಮೀರದ ಮಳಿಗೆಗಳಿಗೆ ಮಾತ್ರ ವಿನಾಯಿತಿ ಕೊಟ್ಟು ಒಳಗಿರಿಸಿಕೊಂಡಿತು. 14 ಚದರ ಮೀಟರ್ ಎಂದರೆ ಸುಮಾರು 150 ಚದರ ಅಡಿ, ಹತ್ತಡಿಗೆ ಹದಿನೈದಡಿಯ ಒಂದು ಕೋಣೆ. ಪಾನ್ ಅಂಗಡಿ, ಹೂವಿನ ಅಂಗಡಿ ಅದರೊಳಗೆ ಹಿಡಿಯಬಹುದು. ಹೋಟೆಲು, ಪುಸ್ತಕದಂಗಡಿ, ಜವಳಿ ಅಂಗಡಿ ಹಿಡಿಯುವುದಿಲ್ಲ. ಹೀಗೆ ಹೊರಗುಳಿದವರಿಗೆ ಈಗ ಅನ್ವಯವಾಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬೇರೆ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆಯ ಜಾಗವನ್ನು ತೆರವು ಮಾಡಿಸಲು ಅದರಡಿ ಹದಿನೈದು ದಿನದ ನೋಟಿಸ್ ಸಾಕು. ನ್ಯಾಯಾಲಯಕ್ಕೆ ಹೋದರೆ ಕಾಲಾವಕಾಶ ಸಿಗಬಹುದು. ಹಕ್ಕು ಸಿಗುವುದಿಲ್ಲ.

ಇನ್ನು ಹನ್ನೊಂದು ತಿಂಗಳ ಕರಾರು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆದುಕೊಳ್ಳುತ್ತಾರೆ. ಮುಗಿದ ಮೇಲೆ ಮತ್ತೆ ಹನ್ನೊಂದು ತಿಂಗಳು. ನಲವತ್ತು ವರ್ಷದಿಂದ ಒಂದೇ ಜಾಗದಲ್ಲಿ ಕೂತವರ ಕೈಯಲ್ಲಿ ನಲವತ್ತಕ್ಕೂ ಹೆಚ್ಚು ಚೂರು ಕಾಗದ ಇರುತ್ತದೆ. ಮುಂದಿನ ವರ್ಷದ ಭರವಸೆ ಒಂದರಲ್ಲೂ ಇರುವುದಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ಆ ಕಾಗದವನ್ನೇ. ಹೊಸ ರುಬ್ಬುವ ಯಂತ್ರಕ್ಕೋ ಅಡುಗೆಮನೆ ರಿಪೇರಿಗೋ ಸಾಲ ಹುಟ್ಟದೆ ಅಂಗಡಿ ಹಳತಾಗುತ್ತ ಹೋಗುತ್ತದೆ. ಆಮೇಲೆ ನೋಡಿದವರು ಇವರು ಕಾಲಕ್ಕೆ ತಕ್ಕಂತೆ ಬದಲಾಗಲಿಲ್ಲ ಎನ್ನುತ್ತಾರೆ.

1961ರ ಹಳೆಯ ಕಾಯ್ದೆ ಮಾಲೀಕರಿಗೆ ಅನ್ಯಾಯ ಮಾಡಿತ್ತು ಎಂಬುದನ್ನೂ ಹೇಳಬೇಕು. ದಶಕಗಳ ಕಾಲ ಏರದ ಬಾಡಿಗೆಯಲ್ಲಿ ಸೋರುವ ಸೂರು ಸರಿಮಾಡಿಸಲೂ ಹಣ ಹುಟ್ಟುತ್ತಿರಲಿಲ್ಲ. ಕಟ್ಟಡ ತಾನಾಗಿ ಬೀಳಲಿ ಎಂದು ಕಾಯುವ ಮಾಲೀಕರು, ಎಬ್ಬಿಸಿದರೆ ಭಾರಿ ಮೊತ್ತ ಕೇಳುವ ಬಾಡಿಗೆದಾರರು, ಎರಡೂ ಆಗ ಇದ್ದದ್ದೇ. ರಕ್ಷಣೆಯನ್ನು ಪೂರ್ತಿ ಕಿತ್ತುಹಾಕುವುದಕ್ಕೂ ಬಾಡಿಗೆಯನ್ನು ಕಲ್ಲಿನಂತೆ ಕೂರಿಸುವುದಕ್ಕೂ ನಡುವೆ ಹಾದಿ ಇತ್ತು. ವರ್ಷಕ್ಕಿಷ್ಟು ಎಂದು ಏರುವ ಬಾಡಿಗೆ, ಹತ್ತು ವರ್ಷದ ಭದ್ರತೆ. ಕರ್ನಾಟಕದ ಕಾನೂನು ಆ ಹಾದಿ ಹಿಡಿಯಲಿಲ್ಲ. ಇದೇ ತಿರುವು ಬೇರೆ ದೇಶದಲ್ಲೂ ಕಂಡಿದೆ. ಸ್ಪೇನಿನಲ್ಲಿ 1985ಕ್ಕೆ ಮುಂಚಿನ ಹಳೆಯ ಅಂಗಡಿ ಗುತ್ತಿಗೆಗಳಿಗೆ 1994ರ ಕಾನೂನು ಇಪ್ಪತ್ತು ವರ್ಷದ ಗಡುವು ಕೊಟ್ಟಿತು. 2014ರ ಡಿಸೆಂಬರ್ ಅಂತ್ಯಕ್ಕೆ ಗಡುವು ಮುಗಿಯುತ್ತಲೇ ಬಾರ್ಸಿಲೋನಾದಂಥ ನಗರದ ಹಳೆಯ ಅಂಗಡಿಗಳು ಒಂದರ ಹಿಂದೊಂದು ಮುಚ್ಚತೊಡಗಿದವು. ಅಲ್ಲಿ ಇಪ್ಪತ್ತು ವರ್ಷದ ಎಚ್ಚರಿಕೆಯಾದರೂ ಇತ್ತು.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಈ ಕಥೆ ಮೊದಲೇ ನಡೆದುಹೋಗಿತ್ತು. ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ಜಾಗ ತೆರವು ಮಾಡಬೇಕಾಗಿ ಬಂದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಅದೇ ವರ್ಷ ಚರ್ಚ್ ಸ್ಟ್ರೀಟ್ ಮೂಲೆಯ ಪ್ರೀಮಿಯರ್ ಬುಕ್‌ಶಾಪ್ ಮುಚ್ಚಿತು. ಟಿ.ಎಸ್. ಶಾನಭಾಗ್ ಅವರು 1971ರಿಂದ ನಡೆಸಿದ ಆ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಪುಸ್ತಕದ ರಾಶಿ. ಯಾವ ಪುಸ್ತಕ ಯಾವ ರಾಶಿಯ ಯಾವ ಮಗ್ಗುಲಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಕಾಫಿ ಹೌಸ್ ಉಳಿಯಿತು, ಪುಸ್ತಕದಂಗಡಿ ಉಳಿಯಲಿಲ್ಲ. ಈ ವ್ಯತ್ಯಾಸ ಗಮನಿಸಬೇಕಾದದ್ದು. ಕಾಫಿ ಹೌಸನ್ನು ನಡೆಸುವುದು ಕೆಲಸಗಾರರದೇ ಸಹಕಾರ ಸಂಘ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡವರು 1957ರಲ್ಲಿ ಬೆಂಗಳೂರಿನಲ್ಲಿ ಕಟ್ಟಿಕೊಂಡದ್ದು. ಜಾಗ ಹೋದರೂ ಸಂಘ ಇತ್ತು, ಬೇರೆ ಜಾಗ ಹುಡುಕುವ ಶಕ್ತಿ ಇತ್ತು. ಒಬ್ಬರ ತಲೆಯಲ್ಲಿ, ಒಬ್ಬರ ವಯಸ್ಸಿನ ಮೇಲೆ ನಿಂತ ಅಂಗಡಿಗೆ ಆ ಎರಡನೇ ಅವಕಾಶ ಇರುವುದಿಲ್ಲ.

ಮೆಟ್ರೊ ಬಂದದ್ದೂ ಮೊದಲು ಮಹಾತ್ಮ ಗಾಂಧಿ ರಸ್ತೆಗೇ. 1936ರ ಪ್ಲಾಜಾ ಚಿತ್ರಮಂದಿರ ನಿಲ್ದಾಣಕ್ಕೆ ದಾರಿ ಬಿಟ್ಟಿತು; 2011ರ ಅಕ್ಟೋಬರ್ 20ರಂದು ಅಲ್ಲಿಂದ ಬೈಯಪ್ಪನಹಳ್ಳಿಗೆ ನಗರದ ಮೊದಲ ರೈಲು ಓಡಿತು. ಮಲ್ಲೇಶ್ವರದ ತುದಿಯಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು, ಅದರ ಮಗ್ಗುಲಿಗೆ 2014ರ ಮಾರ್ಚಿನಲ್ಲಿ ಸಂಪಿಗೆ ರಸ್ತೆ ನಿಲ್ದಾಣ ಬಂತು. ಮೆಟ್ರೊ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅಂಗಡಿಗಳ ಮೇಲೆ ಅದರ ಪರಿಣಾಮ ಮಾತ್ರ ಎರಡು ಹಂತದಲ್ಲಿ ಬರುತ್ತದೆ, ಎರಡೂ ಸಣ್ಣವರಿಗೆ ಪ್ರತಿಕೂಲ. ಕಾಮಗಾರಿಯ ವರ್ಷಗಳಲ್ಲಿ ತಗಡಿನ ಗೋಡೆ ಎದುರಿಗೆ ನಿಂತು ಅಂಗಡಿ ರಸ್ತೆಗೆ ಕಾಣುವುದಿಲ್ಲ. ಧೂಳು, ತಿರುವು ದಾರಿ, ನಿಲ್ಲಿಸಲು ಜಾಗವಿಲ್ಲ. ವ್ಯಾಪಾರ ಅರ್ಧಕ್ಕಿಳಿದರೂ ಬಾಡಿಗೆ ಇಳಿಯುವುದಿಲ್ಲ. ಕೈಯಲ್ಲಿದ್ದ ಹಣ ಕರಗಿಸಿ ಆ ವರ್ಷಗಳನ್ನು ದಾಟಿದರೆ, ರೈಲು ಓಡತೊಡಗಿದ ಮೇಲೆ ಜನ ಹೆಚ್ಚುತ್ತಾರೆ. ಜನ ಹೆಚ್ಚುತ್ತಲೇ ಮಾಲೀಕರು ಬಾಡಿಗೆ ಏರಿಸುತ್ತಾರೆ. ಕಷ್ಟ ಉಂಡವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು. ಭೂಸ್ವಾಧೀನ ಆದಾಗ ಪರಿಹಾರದ ಮುಖ್ಯ ಭಾಗ ನೆಲದ ಒಡೆತನ ಇದ್ದವರಿಗೆ ಸೇರುತ್ತದೆ. ಬಾಡಿಗೆದಾರರ ಪಾಲಿಗೆ ಬರುವುದು ಪುನರ್ವಸತಿ ಎಂಬ ಸಣ್ಣ ಬಾಬ್ತು.

ಗಾಂಧಿ ಬಜಾರಿನ ಅನುಭವ ಸ್ವಲ್ಪ ಬೇರೆ. ಅಲ್ಲಿ ಬಂದದ್ದು ಕಟ್ಟಡ ಕೆಡಹುವ ಯೋಜನೆಯಲ್ಲ, ರಸ್ತೆಯನ್ನು ನಡೆದಾಡುವವರಿಗೆ ಅನುಕೂಲವಾಗುವಂತೆ ಮರುರೂಪಿಸುವ ಯೋಜನೆ. 2022–23ರ ಸುಮಾರಿಗೆ ಕೆಲಸ ಶುರುವಾದಾಗ ಅಂಗಡಿಯವರೂ ಬೀದಿಬದಿ ವ್ಯಾಪಾರಿಗಳೂ ವಿರೋಧಿಸಿದರು. ಅಗಲವಾದ ಫುಟ್‌ಪಾತು ಬೇಡವೆಂದು ಅವರು ಹೇಳಲಿಲ್ಲ. ರಸ್ತೆ ಅಗೆದು ಬಿಟ್ಟ ತಿಂಗಳುಗಳಲ್ಲಿ ಹಬ್ಬದ ವ್ಯಾಪಾರ ಹೋದರೆ ತುಂಬಿಕೊಡುವವರು ಯಾರು, ವಾಹನ ನಿಲ್ಲಿಸುವ ಜಾಗ ಹೋದರೆ ದೂರದ ಗಿರಾಕಿ ಬರುವರೇ ಎಂದು ಕೇಳಿದರು. ಗಾಂಧಿ ಬಜಾರಿನ ಮುಖ್ಯ ವ್ಯಾಪಾರವೇ ಹಬ್ಬದ್ದು. ವರಮಹಾಲಕ್ಷ್ಮಿಯ ಹಿಂದಿನ ಸಂಜೆ ಸೇವಂತಿಗೆಯ ಕುಚ್ಚು, ಬಾಳೆಕಂದು, ಮಾವಿನ ಸೊಪ್ಪು, ತಾವರೆ ಮೊಗ್ಗು ನೆಲದ ಮೇಲೆ ಹರಡಿ ಕೂತವರ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೂ ಇದೇ ನೋಟ. ಹೂವು ಕೊಳ್ಳಲು ಬಂದವರು ಗ್ರಂಧಿಗೆ ಅಂಗಡಿಗೆ ಹೊಕ್ಕು, ಅಲ್ಲಿಂದ ದೋಸೆಗೆ ವಿದ್ಯಾರ್ಥಿ ಭವನಕ್ಕೆ ನಡೆಯುತ್ತಾರೆ. ಮಾಣಿಯೊಬ್ಬರು ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಮೆಟ್ಟಿಲಿನಂತೆ ಪೇರಿಸಿ ತರುವುದನ್ನು ನೋಡಲೆಂದೇ ಮಕ್ಕಳನ್ನು ಕರೆತರುವವರಿದ್ದಾರೆ. ಬೀದಿಯ ವ್ಯಾಪಾರಿ, ಮಳಿಗೆ, ಹೋಟೆಲು ಒಂದಕ್ಕೊಂದು ಗಿರಾಕಿ ಒದಗಿಸಿಕೊಂಡು ಬದುಕಿರುವ ಜಾಗ ಇದು. ನೆಲದಲ್ಲಿ ಕೂತವರನ್ನು ತೆಗೆದರೆ ಮಳಿಗೆಯವರ ವ್ಯಾಪಾರವೂ ಇಳಿಯುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಐದು ವರ್ಷಕ್ಕೊಮ್ಮೆ ಸಮೀಕ್ಷೆ ಆಗಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆ ಇಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ. ನಕ್ಷೆ ಬರೆಯುವ ಹಂತದಲ್ಲೇ ಆ ಸಮಿತಿಯನ್ನು ಕೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇವಿಷ್ಟು ಹೊರಗಿನಿಂದ ಬಂದವು. ಒಳಗಿನ ತೊಂದರೆಗಳೂ ಇವೆ. ಮುಂಜಾನೆ ನಾಲ್ಕಕ್ಕೆ ಎದ್ದು ಹಿಟ್ಟು ನೋಡುವ ಕೆಲಸಕ್ಕೆ ಮಾಲೀಕರ ಮಕ್ಕಳು ಬರುವುದು ಕಡಿಮೆಯಾಗಿದೆ. ಅವರನ್ನು ಓದಿಸಿದ್ದೇ ಆ ಕೆಲಸದಿಂದ ಪಾರಾಗಲಿ ಎಂದು. ಕರಾವಳಿಯಿಂದ ಬರುತ್ತಿದ್ದ ಹುಡುಗರ ಜಾಗದಲ್ಲಿ ಈಗ ಅಸ್ಸಾಂ, ಒಡಿಶಾ ಕಡೆಯ ಹುಡುಗರು ದುಡಿಯುತ್ತಾರೆ. ಚೆನ್ನಾಗಿಯೇ ದುಡಿಯುತ್ತಾರೆ, ಆದರೆ ಅವರು ಮಲಗಲು ಹತ್ತಿರದಲ್ಲಿ ಕೋಣೆ ಬೇಕು, ಅದರ ಬಾಡಿಗೆಯೂ ಏರಿದೆ. ಹೊರಗಿನಿಂದ ಹೊಸ ಪೈಪೋಟಿಯೂ ಬಂದಿದೆ: ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ದಿನಸಿ ತರುವ ಆ್ಯಪ್‌ಗಳು ತಿಂಗಳ ಸಾಮಾನಿನ ಚೀಟಿಯನ್ನು ಕಸಿದುಕೊಂಡಿವೆ. ತೆರಿಗೆಯ ಗೊಂದಲವೂ ಸೇರಿತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳವರು ಕ್ಯೂಆರ್ ಚೀಟಿ ಕಿತ್ತು ನಗದಿಗೆ ಮರಳಿದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಮೀರಿದರೆ ನೋಂದಣಿ ಕಡ್ಡಾಯ ಎಂಬುದು ಎಷ್ಟೋ ಮಂದಿಗೆ ತಿಳಿದದ್ದೇ ಆ ನೋಟಿಸಿನಿಂದ. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರಿದವರಿಗೂ ನೋಟಿಸ್ ಹೋಗಿತ್ತು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಯವರು ಹೇಳಿದ ಮೇಲೆ ಗದ್ದಲ ತಣ್ಣಗಾಯಿತು.

ಉಳಿದುಕೊಂಡವರು ಉಳಿದದ್ದು ಹೇಗೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಎಂಟಿಆರ್ ಮನೆತನ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲು ನಡೆಸುವುದು ಕಷ್ಟವಾದಾಗ ಪೊಟ್ಟಣದ ಪುಡಿಗಳಿಗೆ ತಿರುಗಿತು. ಆ ಪೊಟ್ಟಣದ ಉದ್ಯಮ 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಗೆ ಮಾರಾಟವಾದರೂ ಹೋಟೆಲು ಮನೆತನದ ಕೈಯಲ್ಲೇ ಉಳಿಯಿತು, ಶಾಖೆಗಳೂ ಬೆಳೆದವು. ವೀಣಾ ಸ್ಟೋರ್ಸ್ ಬೇರೆ ದಾರಿ ಹಿಡಿದಿದೆ. ಮೇಜು ಕುರ್ಚಿ ಇಲ್ಲ, ಕಿಟಕಿಯಂಥ ಬಾಗಿಲಿನಲ್ಲಿ ತಟ್ಟೆ ಕೊಡುತ್ತಾರೆ, ಜನ ಫುಟ್‌ಪಾತಿನಲ್ಲಿ ನಿಂತು ತಿನ್ನುತ್ತಾರೆ. ಜಾಗ ಚಿಕ್ಕದಾದಷ್ಟೂ ಬಾಡಿಗೆಯ ಹೊರೆ ಹಗುರ. ಎಲ್ಲರೂ ಹೀಗೆ ಚಿಕ್ಕದಾಗಲು ಆಗದು. ಪುಸ್ತಕದ ಅಂಗಡಿಗೆ, ಸೀರೆ ಅಂಗಡಿಗೆ, ಹಾರ್ಮೋನಿಯಂ ರಿಪೇರಿ ಮಾಡುವವರಿಗೆ ಕೈಚಾಚುವಷ್ಟು ಜಾಗವಾದರೂ ಬೇಕು.

ಸರ್ಕಾರದ ಕೈಯಲ್ಲಿ ಏನಿದೆ? ನಮ್ಮಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆ, ಪಾರಂಪರಿಕ ವ್ಯಾಪಾರದ ಪಟ್ಟಿ ಇಲ್ಲ. ಗೋಡೆ ಉಳಿಸುವ ನಿಯಮ ಒಳಗಿನ ಒಲೆಯನ್ನು ಉಳಿಸುವುದಿಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ನಗರ 2015ರಲ್ಲಿ ಹಳೆಯ ವ್ಯಾಪಾರಗಳ ದಾಖಲೆ ಪುಸ್ತಕವೊಂದನ್ನು ತೆರೆಯಿತು. ಮೂವತ್ತು ವರ್ಷ ದಾಟಿದ, ಬಡಾವಣೆಯ ಗುರುತಿಗೆ ಕಾಣಿಕೆ ಕೊಟ್ಟ ಅಂಗಡಿ ಅದರಲ್ಲಿ ಹೆಸರು ಬರೆಸಬಹುದು. ಆ ವರ್ಷದ ನವೆಂಬರಿನಲ್ಲಿ ಮತದಾರರು ಅದಕ್ಕೊಂದು ನಿಧಿಯನ್ನೂ ಒಪ್ಪಿದರು. ಅದರ ಜಾಣ್ಮೆ ಇರುವುದು ಹಣ ಕೊಡುವ ರೀತಿಯಲ್ಲಿ: ಅಂಗಡಿಯವರಿಗೆ ಮಾತ್ರವಲ್ಲ, ಅವರಿಗೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲದ ಗುತ್ತಿಗೆ ಬರೆದುಕೊಟ್ಟ ಮಾಲೀಕರಿಗೂ ಚದರ ಅಡಿ ಲೆಕ್ಕದಲ್ಲಿ ನೆರವು ಸಿಗುತ್ತದೆ. ಮಾಲೀಕರನ್ನು ಎದುರಾಳಿ ಮಾಡದೆ ಜೊತೆಗೆ ಸೇರಿಸಿಕೊಂಡ ಕ್ರಮ ಇದು. ಬೆಂಗಳೂರಿನಲ್ಲಿ ಹಣ ಕೊಡದೆಯೂ ಇದನ್ನು ಮಾಡಬಹುದು. ದೀರ್ಘ ಗುತ್ತಿಗೆ ನೋಂದಾಯಿಸಿದ ಮಾಲೀಕರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ನೋಂದಣಿಯ ಮುದ್ರಾಂಕ ಶುಲ್ಕದಲ್ಲಿ ಕಡಿತ ಕೊಟ್ಟರೆ ಹನ್ನೊಂದು ತಿಂಗಳ ಕಾಗದ ಬಿಟ್ಟು ಹತ್ತು ವರ್ಷದ ಕಾಗದಕ್ಕೆ ಇಬ್ಬರೂ ಬರುತ್ತಾರೆ. ಹಳೆಯ ಕಟ್ಟಡ ಕೆಡಹಿ ಕಟ್ಟುವಾಗ ನೆಲ ಅಂತಸ್ತಿನಲ್ಲಿ ಹಿಂದಿನ ಬಾಡಿಗೆದಾರರಿಗೆ ಮರಳಿ ಜಾಗ ಕೊಡುವ ಮಾಲೀಕರಿಗೆ ಮಾತ್ರ ಹೆಚ್ಚುವರಿ ಅಂತಸ್ತಿನ ಅನುಮತಿ ಎಂಬ ಷರತ್ತೂ ಸಾಧ್ಯ. ಅಂತಸ್ತು ಹೆಚ್ಚಿಸಿ ಕೊಡುವುದು ಸರ್ಕಾರವೇ; ಕೊಡುವಾಗ ಏನನ್ನಾದರೂ ಕೇಳುವ ಹಕ್ಕು ಅದಕ್ಕಿದೆ.

ಎಲ್ಲಕ್ಕಿಂತ ಮೊದಲು ಆಗಬಹುದಾದದ್ದು ಸರ್ಕಾರವೇ ಮಾಲೀಕನಾಗಿರುವ ಕಡೆ. ಪಾಲಿಕೆಯ ಮಾರುಕಟ್ಟೆಗಳು, ಬಿಡಿಎ ಸಂಕೀರ್ಣಗಳು, ಮೆಟ್ರೊ ನಿಲ್ದಾಣದ ಮಳಿಗೆಗಳು ಸಾರ್ವಜನಿಕ ಸಂಸ್ಥೆಗಳ ಕೈಯಲ್ಲಿವೆ. ಇಂಥ ಕಡೆ ನಿರ್ಧಾರ ತಡವಾದರೆ ಏನಾಗುತ್ತದೆ ಎಂಬುದನ್ನು ಮೈಸೂರಿನ ದೇವರಾಜ ಮಾರುಕಟ್ಟೆ ತೋರಿಸಿದೆ. 2016ರ ಆಗಸ್ಟಿನಲ್ಲಿ ಅದರ ಒಂದು ಭಾಗ ಕುಸಿದ ಮೇಲೆ ದುರಸ್ತಿಯೋ ನೆಲಸಮವೋ ಎಂಬ ವಾದ ವರ್ಷಗಟ್ಟಲೆ ನಡೆಯಿತು; ಅಷ್ಟೂ ಕಾಲ ವೀಳ್ಯದೆಲೆ, ಮಲ್ಲಿಗೆ, ಬಾಳೆಹಣ್ಣು ಮಾರುವವರು ಅದೇ ಶಿಥಿಲ ಸೂರಿನಡಿ ಕೂತರು. ಬೆಂಗಳೂರಿನಲ್ಲಿ ನಿಲ್ದಾಣದ ಮಳಿಗೆಗಳನ್ನು ಹೆಚ್ಚು ಬಾಡಿಗೆ ಕೂಗಿದವರಿಗೆ ಕೊಡುವಾಗ, ಆ ನಿಲ್ದಾಣದ ಕಾಮಗಾರಿಯಲ್ಲಿ ಜಾಗ ಕಳೆದುಕೊಂಡ ಬಾಡಿಗೆದಾರರಿಗೆಂದು ಒಂದೆರಡು ಮಳಿಗೆಗಳನ್ನು ಏರಬಹುದಾದ, ಆದರೆ ನಿಗದಿಯಾದ ಬಾಡಿಗೆಯಲ್ಲಿ ಮೀಸಲಿಡಲು ಹೊಸ ಕಾನೂನು ಬೇಕಿಲ್ಲ. ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿದರೆ ಆಗುತ್ತದೆ.